ಮೂತಿ ಓಡುತ್ತಾ, ಬಾಲ ಜಾರುತ್ತಾ? ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್‌ಗೆ ದುಡ್ಡು ಸುರಿಯುವ ಮುಂಚೆ ನೋಡಬೇಕಾದ್ದು

ನಮ್ಮ ಶೆಡ್ಡಿನ ಗೋಡೆಯಲ್ಲಿ ಎರಡು ಮೊಳೆಗೆ ಒಂದು ದಪ್ಪ ಕೆಂಪು ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯಲು ಎಡ-ಬಲ ಚಕ್ರಗಳನ್ನು ಜೋಡಿಸುವ ಉಕ್ಕಿನ ಸರಳು) ತೂಗುಹಾಕಿದ್ದೇನೆ. ಈಗ ಅದರ ಕೆಲಸ ಕಾರು ಒರೆಸುವ ಬಟ್ಟೆ ಒಣಗಿಸುವುದು.

ಅದನ್ನು ತರಿಸಿದ್ದಕ್ಕೂ ಒಂದು ಕಾರಣ ಇತ್ತು. ನನ್ನದು ಎರಡು ಸೀಟಿನ ಹಳೇ ಕಾರು, ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಗೆ ಹೊರಗೆ ಹೋಗುತ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ, ಹಿಂದೆ ದಪ್ಪ ಬಾರ್ ಹಾಕಿಸು. ಹಾಕಿಸಿದೆ, ಸರಿಹೋಯಿತು. ಮೂರು ತಿಂಗಳಾದ ಮೇಲೆ ಮುಂದಿನ ಎರಡು ಟೈರ್ ತೀರಾ ಹಳತಾಗಿವೆ ಅಂತ ಹೊಸದು ಹಾಕಿಸಿದೆ. ಆಮೇಲೆ ಬಂದ ಮೊದಲ ಮಳೆಯಲ್ಲಿ, ದಾವಣಗೆರೆಯಿಂದ ಚನ್ನಗಿರಿ ಕಡೆ ಹೋಗುವಾಗ ಒಂದು ಸಣ್ಣ ತಿರುವಿನಲ್ಲಿ ಹಿಂಭಾಗ ಜಾರಿ, ಕಾರು ರಸ್ತೆಗೆ ಅಡ್ಡ ನಿಂತುಬಿಟ್ಟಿತು. ಎದುರಿಗೆ ಯಾರೂ ಬರಲಿಲ್ಲ, ಪುಣ್ಯ.

ಕಾರಿನಲ್ಲಿ ಮೊದಲಿಂದ ಇದ್ದ ದೊಡ್ಡ ತಪ್ಪು ಇದು: ಮುಂದಿನ ಟೈರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿದ್ದವು. ನಾನು ಏನು ಮಾಡಿದ್ದೆ? ದಪ್ಪ ಬಾರ್ ಹಾಕಿಸಿ ಹಿಂದಿನ ಹಿಡಿತವನ್ನೂ ಕಮ್ಮಿ ಮಾಡಿ ಎರಡನ್ನೂ ಸಮ ಮಾಡಿದ್ದೆ. ಮುಂದೆ ಹೊಸ ಟೈರ್ ಬಂದ ದಿನವೇ ಆ ಲೆಕ್ಕ ತಲೆಕೆಳಗಾಯಿತು. ಹಾಗಾಗಿ ಇಲ್ಲಿ ಯಾವ ಪಾರ್ಟ್ ಕೊಳ್ಳಬೇಕು ಅಂತ ಶುರು ಮಾಡುವುದಿಲ್ಲ. ನಿಮಗೆ ಏನು ಕಾಣಿಸುತ್ತಿದೆ, ಅದರಿಂದ ಶುರು ಮಾಡೋಣ.

ಎರಡು ಮಾತು ಮೊದಲೇ ಸ್ಪಷ್ಟ ಇರಲಿ. ಮುಂದಿನ ಟೈರ್ ಮೊದಲು ಹಿಡಿತ ಬಿಟ್ಟರೆ ಅಂಡರ್‌ಸ್ಟಿಯರ್, ಅಂದರೆ ಮೂತಿ ಓಡುವುದು. ಹಿಂದಿನದು ಮೊದಲು ಬಿಟ್ಟರೆ ಓವರ್‌ಸ್ಟಿಯರ್, ಬಾಲ ಜಾರುವುದು. 1930ರ ದಶಕದಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಕೆಲಸ ಮಾಡುತ್ತಾ ಬಳಕೆಗೆ ತಂದ ಪದಗಳಿವು. ನಾಲ್ಕೂ ಟೈರ್ ಹೆಚ್ಚುಕಮ್ಮಿ ಒಟ್ಟಿಗೇ ಬಿಟ್ಟರೆ ನ್ಯೂಟ್ರಲ್. ಕೇಳೋಕೆ ಚೆಂದ. ಆದರೆ ರಸ್ತೆ ಮೇಲೆ ಓಡಿಸುವ ಕಾರಿಗೆ ನ್ಯೂಟ್ರಲ್‌ಗಿಂತ ಒಂದು ಕೂದಲೆಳೆಯಷ್ಟು ಅಂಡರ್‌ಸ್ಟಿಯರ್ ಉಳಿಸಿಕೊಳ್ಳುವುದೇ ಸರಿ. ಮೂತಿ ಓಡಿದರೆ ಕಾಲು ನಿಧಾನವಾಗಿ ಎತ್ತಿದರೆ ಸಾಕು, ಕಾರು ವಾಪಸ್ ಬರುತ್ತದೆ. ಬಾಲ ಜಾರಿದರೆ ಅರ್ಧ ಸೆಕೆಂಡಿನಲ್ಲಿ ಉಲ್ಟಾ ಸ್ಟೀರಿಂಗ್ ಕೊಡಬೇಕು, ಅದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ.

ಎಲ್ಲಿ ಪರೀಕ್ಷೆ ಮಾಡೋದು

ಹೈವೇಯಲ್ಲಿ ಅಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲೂ ಅಲ್ಲ, ಅದು ಕಾಡು, ಪ್ರಾಣಿ ಅಡ್ಡ ಬರುತ್ತವೆ. ಹಳ್ಳಿ ರಸ್ತೆಯಂತೂ ಬೇಡವೇ ಬೇಡ, ಸುಗ್ಗಿ ಸಮಯದಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರೆ.

ನಾನು ಮಾಡಿದ್ದು ಪರಿಚಯದವರ ಅಕ್ಕಿ ಗಿರಣಿಯ ಸಿಮೆಂಟ್ ಕಣದಲ್ಲಿ, ಕೆಲಸ ಇಲ್ಲದ ಭಾನುವಾರ, ಅವರನ್ನು ಕೇಳಿಕೊಂಡು. ಮೊದಲು ಕಣ ಪೂರ್ತಿ ಗುಡಿಸಿ. ನಾಲ್ಕು ಭತ್ತದ ಕಾಳು ಟೈರ್ ಅಡಿಗೆ ಸಿಕ್ಕರೆ ಗೋಲಿ ಮೇಲೆ ಓಡಿಸಿದ ಹಾಗೆ, ಏನೂ ಗೊತ್ತಾಗುವುದಿಲ್ಲ. ನಡುವೆ ಒಂದು ಇಟ್ಟಿಗೆ ಇಟ್ಟು, 10 ಮೀಟರ್ ಹಗ್ಗ ಹಿಡಿದು ಸುಣ್ಣದಲ್ಲಿ ವೃತ್ತ ಎಳೆಯಿರಿ. ಆ ಗೆರೆ ಮೇಲೆ ಎರಡನೇ ಗೇರಿನಲ್ಲಿ ಸುತ್ತುತ್ತಾ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಇಷ್ಟು ಚಿಕ್ಕ ವೃತ್ತದಲ್ಲಿ ಗಂಟೆಗೆ 30 ಕಿ.ಮೀ. ದಾಟುವಷ್ಟರಲ್ಲೇ ಸಾಮಾನ್ಯ ಟೈರ್ ತನ್ನ ಮಿತಿ ಹತ್ತಿರ ಬಂದಿರುತ್ತದೆ. ಅದೇ ಇದರ ಚೆಂದ, ಕಡಿಮೆ ವೇಗದಲ್ಲೇ ಕಾರು ತನ್ನ ಗುಣ ತೋರಿಸುತ್ತದೆ. ಗೆರೆ ಹಿಡಿಯಲು ಸ್ಟೀರಿಂಗ್ ಹೆಚ್ಚು ಹೆಚ್ಚು ತಿರುಗಿಸಬೇಕಾದರೆ ಮೂತಿ ಓಡುತ್ತಿದೆ. ಸ್ಟೀರಿಂಗ್ ಕಮ್ಮಿ ಮಾಡಬೇಕಾದರೆ ಬಾಲ ಹೊರಡುತ್ತಿದೆ. ಎಡಕ್ಕೆ ಐದು ಸುತ್ತು, ಬಲಕ್ಕೆ ಐದು ಸುತ್ತು. ಕಣದ ಸುತ್ತ ಗೋಡೆ, ಕಂಬ, ಜನ, ನಾಯಿ ಯಾರೂ ಹತ್ತಿರ ಇರಬಾರದು.

ಸುತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ದೀಪ ಮಿನುಗಿದರೆ ಸ್ಟೆಬಿಲಿಟಿ ಕಂಟ್ರೋಲ್ ಮಧ್ಯೆ ಬಂದು ಬ್ರೇಕ್ ಹಾಕುತ್ತಿದೆ ಅಂತ ಅರ್ಥ. ಅದು ಅಲ್ಲಿಗೆ ಮಿತಿ ಅಂದುಕೊಂಡು ನಿಲ್ಲಿಸಿ. ಅದನ್ನು ಆಫ್ ಮಾಡಿ ನೋಡುವ ಹುಮ್ಮಸ್ಸು ಬೇಡ.

ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ

ಇದು ಸಸ್ಪೆನ್ಷನ್ ಅಲ್ಲವೇ ಅಲ್ಲ. ಗಾಳಿ ಮತ್ತು ಟೈರ್.

ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಮುಂದೆ ಎಷ್ಟು ಹಿಂದೆ ಎಷ್ಟು ಅಂತ ಬರೆದಿರುತ್ತದೆ. ಅದು ತಣ್ಣಗಿರುವ ಟೈರಿನ ಲೆಕ್ಕ. ಹತ್ತು ಡಿಗ್ರಿ ಬಿಸಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ, ಹಾಗಾಗಿ ಚಿತ್ರದುರ್ಗದಿಂದ ದಾವಣಗೆರೆಗೆ ಏಪ್ರಿಲ್ ಬಿಸಿಲಿನಲ್ಲಿ 60 ಕಿ.ಮೀ. ಓಡಿಸಿಕೊಂಡು ಬಂದು, ಬಂಕಿನಲ್ಲಿ ನಿಲ್ಲಿಸಿ, ಜಾಸ್ತಿ ಇದೆ ಅಂತ ಗಾಳಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಟೈರ್ ಮೆತ್ತಗಿರುತ್ತದೆ. ಒಂದು ಬೆಣ್ಣೆ ದೋಸೆ ತಿಂದು ಬರುವಷ್ಟರಲ್ಲಿ ಟೈರ್ ತಣ್ಣಗಾಗುವುದಿಲ್ಲ, ಕಮ್ಮಿ ಅಂದರೂ ಮೂರು ಗಂಟೆ ಬೇಕು. ಸ್ವಂತ ಗೇಜ್ ಒಂದು ಇಟ್ಟುಕೊಳ್ಳಿ. ಎರಡು ಪಂಕ್ಚರ್ ಅಂಗಡಿಯ ಗೇಜ್‌ಗಳು ಒಂದೇ ಅಂಕಿ ತೋರಿಸಿದ್ದು ನಾನಂತೂ ನೋಡಿಲ್ಲ.

ಮುಂದೆ ಎರಡು ಪಿಎಸ್‌ಐ ಕಮ್ಮಿ ಇದ್ದರೂ ಸ್ಟೀರಿಂಗ್ ಮಂದವಾಗುತ್ತದೆ, ಮೂತಿ ಓಡಿದ ಹಾಗೆ ಅನಿಸುತ್ತದೆ. ಹಿಂದೆ ಕಮ್ಮಿ ಇದ್ದರೆ ಲೇನ್ ಬದಲಿಸುವಾಗ ಬಾಲ ತಡವಾಗಿ, ತೂಗಾಡುತ್ತಾ ಬರುತ್ತದೆ. ಎಷ್ಟು ಜನ ಇದಕ್ಕೇ ಬಾರ್ ಕೊಂಡಿದ್ದಾರೋ.

ಆಮೇಲೆ ಟೈರಿನ ವಯಸ್ಸು. ಟೈರಿನ ಪಕ್ಕದ ಗೋಡೆ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ನೇ ಇಸವಿಯ 23ನೇ ವಾರ. ಐದಾರು ವರ್ಷ ದಾಟಿದ ಟೈರ್ ನೋಡೋಕೆ ಹೂವಿನ ಹಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಉಗುರು ಒತ್ತಿದರೆ ಇಳಿಯುವುದಿಲ್ಲ. ನಮ್ಮ ಕಡೆಯ ಇಂಥ ಕಾರುಗಳು ಭಾನುವಾರ ಮಾತ್ರ ಹೊರಗೆ ಬರುವುದರಿಂದ ಟೈರ್ ಸವೆಯುವ ಮುಂಚೆ ಮುದಿಯಾಗುತ್ತವೆ. ಮುಂದೆ ಒಂದು ಕಂಪನಿ ಹಿಂದೆ ಇನ್ನೊಂದು ಇದ್ದರಂತೂ ನ್ಯೂಟ್ರಲ್ ಮಾತನ್ನೇ ಎತ್ತಬೇಡಿ. ನಾಲ್ಕೂ ಒಂದೇ ಥರದ್ದು ಹಾಕಿಸಿ. ದುಡ್ಡಿಲ್ಲದೆ ಎರಡೇ ಹಾಕಿಸುವುದಾದರೆ ಹೊಸದು ಹಿಂದೆ ಇರಲಿ. ನಾನು ಮುಂದೆ ಹಾಕಿಸಿದ್ದೆ, ಏನಾಯಿತು ಅಂತ ಮೇಲೆ ಹೇಳಿದ್ದೇನೆ.

ನೇರ ರಸ್ತೆಯಲ್ಲೇ ಅಲೆಯುತ್ತೆ, ಇಲ್ಲ ಒಂದು ಕಡೆ ಎಳೆಯುತ್ತೆ

ಚಿತ್ರದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಆ ಹೈವೇ ಮೇಲೆ ಅಡ್ಡಗಾಳಿ ಹೊಡೆಯುವಾಗ, ಅದರಲ್ಲೂ ಲಾರಿ ಹಿಂದಿನಿಂದ ಹೊರಗೆ ಬಂದ ಕ್ಷಣ, ಎಂಥ ಕಾರಾದರೂ ಒಂದು ಹೆಜ್ಜೆ ಸರಿಯುತ್ತದೆ. ಗಾಳಿ ಇಲ್ಲದ ಬೆಳಗಿನ ಜಾವ ಅದೇ ರಸ್ತೆಯಲ್ಲಿ ನೆಟ್ಟಗೆ ಹೋಗುತ್ತಾ ನೋಡಿ. ಹೋದರೆ ಏನೂ ಮುಟ್ಟಬೇಡಿ. ಸ್ವಲ್ಪ ಎಡಕ್ಕೆ ವಾಲುವುದೂ ದೋಷವಲ್ಲ, ನೀರು ಹರಿಯಲಿ ಅಂತ ರಸ್ತೆಯೇ ಹಾಗೆ ಇಳಿಜಾರು ಇರುತ್ತದೆ.

ನಿಜವಾಗಿಯೂ ಎಳೆಯುತ್ತಿದ್ದರೆ ಮುಂದಿನ ಎರಡು ಟೈರನ್ನು ಎಡ-ಬಲ ಅದಲುಬದಲು ಮಾಡಿ ನೋಡಿ, ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತು ಇಲ್ಲದಿದ್ದರೆ ಮಾತ್ರ. ಎಳೆತವೂ ಬದಿ ಬದಲಿಸಿದರೆ ತಪ್ಪು ಟೈರಿನದ್ದು. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಬ್ರೇಕ್ ಕ್ಯಾಲಿಪರ್ ಅಥವಾ ಲೋಯರ್ ಆರ್ಮ್ ಬುಷ್ (ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ತೋಳಿನ ರಬ್ಬರ್ ಕೀಲು), ಅದಕ್ಕೆ ತಡ ಮಾಡದೆ ಮೆಕ್ಯಾನಿಕ್ ಹತ್ತಿರ ಹೋಗಿ.

ಇನ್ನು ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡಿಸುವುದು. ದಾವಣಗೆರೆಯ ಪಿ.ಬಿ. ರೋಡ್ ಉದ್ದಕ್ಕೂ ಟೈರ್ ಅಂಗಡಿಗಳಿವೆ, ಮಷಿನ್ ಇದೆ, ಆದರೆ ಬಹಳ ಕಡೆ ಮುಂದಿನ ಟೋ (ಚಕ್ರ ಒಳಕ್ಕೋ ಹೊರಕ್ಕೋ ನೋಡುವ ಕೋನ) ಒಂದನ್ನು ಸರಿ ಮಾಡಿ ಕಳಿಸುತ್ತಾರೆ. ಹಿಂದಿನದನ್ನೂ ಅಳೆಯಿರಿ, ಮೊದಲಿನದು ಮತ್ತು ಆಮೇಲಿನದು ಎರಡೂ ಪ್ರಿಂಟ್ ಕೊಡಿ ಅಂತ ಕೇಳಿ. ಆ ಹಾಳೆಯಲ್ಲಿ ನಾನು ಮೊದಲು ನೋಡುವುದು ಹಿಂದಿನ ಟೋ. ಹಿಂದಿನ ಚಕ್ರಗಳು ಮುಂಭಾಗದಲ್ಲಿ ಸ್ವಲ್ಪ ಒಳಗೆ ನೋಡುತ್ತಿರಬೇಕು, ಅದು ಟೋ-ಇನ್. ಹೊರಗೆ ನೋಡುತ್ತಿದ್ದರೆ ಕಾರು ನೇರ ರಸ್ತೆಯಲ್ಲಿ ಅಲೆಯುತ್ತದೆ, ತಿರುವಿನಲ್ಲಿ ಬಾಲ ಗಕ್ಕನೆ ಹೊರಬರುತ್ತದೆ. ಎರಡಕ್ಕೂ ಅದೊಂದೇ ಕಾರಣ ಇರಬಹುದು, ಬಿಲ್ಲು ಬರೀ ಅಲೈನ್‌ಮೆಂಟಿನದ್ದು.

ಆದರೆ ಬುಷ್ ಹರಿದಿದ್ದರೆ ಅಲೈನ್‌ಮೆಂಟ್ ದುಡ್ಡು ದಂಡ. ನಿಂತಾಗ ಅಳತೆ ಸರಿ ಇರುತ್ತದೆ, ಓಡುವಾಗ ಚಕ್ರ ತನಗೆ ಬೇಕಾದ ಕಡೆ ನೋಡುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರವನ್ನು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಲಟಕ್ ಅಂದರೆ ಟೈ ರಾಡ್ ಎಂಡ್. ಹನ್ನೆರಡು ಮತ್ತು ಆರರಲ್ಲಿ ಹಿಡಿದಾಗ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಲೋಯರ್ ಆರ್ಮ್ ಬುಷ್ ಕಾಣಿಸಬೇಕಾದರೆ ಸಣ್ಣ ಹಾರೆ ಇಟ್ಟು ಮೀಟಬೇಕು, ಆಗ ರಬ್ಬರಿನ ಬಿರುಕು ಬಾಯಿ ಬಿಡುತ್ತದೆ.

ತಿರುವಿನಲ್ಲಿ ಮೂತಿ ಹೊರಗೆ ಓಡುತ್ತೆ

ಮೊದಲ ಅನುಮಾನ ನಿಮ್ಮ ಮೇಲೇ ಇರಲಿ, ಬೇಜಾರಾಗಬೇಡಿ. ಜಾಸ್ತಿ ವೇಗದಲ್ಲಿ ತಿರುವಿಗೆ ನುಗ್ಗಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಟೈರಿಗೆ ಎರಡೆರಡು ಕೆಲಸ. ಅದು ಯಾವುದೋ ಒಂದನ್ನು ಬಿಡುತ್ತದೆ. ಬ್ರೇಕ್ ಮುಗಿಸಿ, ಆಮೇಲೆ ತಿರುಗಿಸಿ ನೋಡಿ.

ಆದರೂ ಓಡುತ್ತಿದ್ದರೆ, ತಿರುವಿನ ಯಾವ ಭಾಗದಲ್ಲಿ ಓಡುತ್ತದೆ ಅಂತ ಗಮನಿಸಿ. ಇದನ್ನು ಯಾರೂ ಕೇಳುವುದಿಲ್ಲ, ಉತ್ತರ ಇರುವುದು ಮಾತ್ರ ಇಲ್ಲೇ. ತಿರುಗಿಸಿದ ಕೂಡಲೇ ಓಡಿದರೆ ಮುಂದಿನ ಟೋ ನೋಡಿ, ಆಮೇಲೆ ಮುಂದಿನ ಶಾಕ್ ಅಬ್ಸಾರ್ಬರ್. ತಿರುವಿನ ನಡುವೆ, ವೇಗ ಒಂದೇ ಇರುವಾಗ ಓಡಿದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ; ಮೇಲ್ತುದಿ ಒಳಗೆ ವಾಲಿದ್ದರೆ ನೆಗೆಟಿವ್), ಸ್ಪ್ರಿಂಗ್, ಆ್ಯಂಟಿ-ರೋಲ್ ಬಾರ್. ಶಾಕ್‌ಗೆ ಅಲ್ಲಿ ಕೆಲಸವೇ ಇಲ್ಲ, ಅದು ಕಾರು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವಾಗ ಮಾತ್ರ ಕೆಲಸ ಮಾಡುತ್ತದೆ. ಹೊರಗೆ ಬರುತ್ತಾ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಓಡಿದರೆ ಭಾರ ಹಿಂದೆ ಸರಿದು ಮೂತಿ ಹಗುರಾಗುತ್ತಿದೆ. ಅರ್ಧ ಸೆಕೆಂಡ್ ತಡವಾಗಿ ಒತ್ತಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಟೈರ್ ಏನು ಹೇಳುತ್ತದೆ ಅಂತ ಕೇಳುವುದಕ್ಕೆ ಒಂದು ಸೀಮೆಸುಣ್ಣ ಸಾಕು. ಮುಂದಿನ ಟೈರಿನ ಹೊರ ಅಂಚಿನಿಂದ ಪಕ್ಕದ ಗೋಡೆ ತನಕ ಮೂರು ಜಾಗದಲ್ಲಿ ಅಡ್ಡ ಗೆರೆ ಎಳೆದು, ಐದು ಸುತ್ತು ಹಾಕಿ ಇಳಿದು ನೋಡಿ. ಅಂಚಿನ ಹತ್ತಿರ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಸುಣ್ಣ ಅದರ ತನಕ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಗೋಡೆ ಮೇಲೆ ಅಳಿಸಿದ್ದರೆ ಟೈರ್ ಮಗುಚಿಕೊಂಡು ನಡೆಯುತ್ತಿದೆ: ಗಾಳಿ ಕಮ್ಮಿ, ಅಥವಾ ನೆಗೆಟಿವ್ ಕ್ಯಾಂಬರ್ ಸಾಲದು. ನನ್ನ ಕಾರಿನಲ್ಲಿ ಗೋಡೆಯ ಅಕ್ಷರಗಳ ಹತ್ತಿರದ ತನಕ ಸುಣ್ಣ ಹೋಗಿತ್ತು. ಮುಂದಿನ ಕ್ಯಾಂಬರ್ ಸೊನ್ನೆ ಇದ್ದದ್ದನ್ನು ಮೈನಸ್ ಒಂದೂಕಾಲು ಡಿಗ್ರಿ ಮಾಡಿಸಿದ ಮೇಲೆ, ನಿಜ ಹೇಳಬೇಕೆಂದರೆ, ಬಾರ್ ಹಾಕಿಸಿದಾಗ ಸಿಕ್ಕಿದ್ದಕ್ಕಿಂತ ಜಾಸ್ತಿ ವ್ಯತ್ಯಾಸ ಸಿಕ್ಕಿತು. ರಸ್ತೆ ಕಾರಿಗೆ ಮೈನಸ್ ಒಂದರಿಂದ ಒಂದೂವರೆ ಡಿಗ್ರಿ ಸಾಕು. ಅದಕ್ಕಿಂತ ಜಾಸ್ತಿ ಹೋದರೆ ನೇರ ರಸ್ತೆಯಲ್ಲಿ ಒಳ ಅಂಚು ತಿನ್ನುತ್ತದೆ. ಹೊಂದಿಸುವ ಅವಕಾಶವೇ ಇಲ್ಲದ ಕಾರಿಗೆ ಕ್ಯಾಂಬರ್ ಬೋಲ್ಟ್ ಸಿಗುತ್ತದೆ, ಬಾರ್‌ಗಿಂತ ಎಷ್ಟೋ ಅಗ್ಗ.

ಹಿಂದೆ ಅಗಲ ಟೈರ್, ಮುಂದೆ ಸಣ್ಣದು ಇರುವ ಕಾರಿದ್ದರೆ ಇನ್ನೊಂದು ಮಾತು. ಕಂಪನಿಯವರು ಬೇಕಂತಲೇ ಮೂತಿ ಓಡುವ ಹಾಗೆ ಮಾಡಿರುತ್ತಾರೆ. ಅದು ದೋಷ ಅಲ್ಲ, ನಿಮ್ಮ ಜೀವದ ಮೇಲಿನ ಕಾಳಜಿ.

ಇಷ್ಟೆಲ್ಲ ಸರಿ ಇದ್ದೂ ನಡು ತಿರುವಿನಲ್ಲಿ ಮೂತಿ ಓಡಿದರೆ ಮಾತ್ರ ಹಿಂದಿನ ಬಾರ್ ದಪ್ಪ ಮಾಡುವ ಯೋಚನೆ. ಬಾರ್ ಗಟ್ಟಿಯಾದ ಕಡೆ ಇನ್ನೂ ಹೆಚ್ಚು ಭಾರ ಹೊರಗಿನ ಟೈರಿಗೆ ಬೀಳುತ್ತದೆ, ಆ ಕಡೆಯ ಒಟ್ಟು ಹಿಡಿತ ಕಮ್ಮಿಯಾಗುತ್ತದೆ. ಹಿಂದೆ ಗಟ್ಟಿ ಮಾಡಿದರೆ ಹಿಂದೆ ಹಿಡಿತ ಕಮ್ಮಿ, ಹಾಗಾಗಿ ಸಮತೋಲ ಬರುತ್ತದೆ. ಹಿಡಿತ ಕೂಡಿಸಿ ಅಲ್ಲ, ಕಳೆದು. ಗಟ್ಟಿತನ ಬಾರಿನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 20 ಮಿ.ಮೀ. ಬಾರ್ ತೆಗೆದು 22 ಹಾಕಿದರೆ ಬರೀ ಎರಡು ಮಿ.ಮೀ. ಅನಿಸುತ್ತದೆ ಅಲ್ವಾ, ಆದರೆ ಗಟ್ಟಿತನ ಶೇ. 46ರಷ್ಟು ಏರಿರುತ್ತದೆ. ಅದಕ್ಕೇ ಎರಡು-ಮೂರು ತೂತು ಇರುವ, ಹೊಂದಿಸಲು ಬರುವ ಬಾರ್ ತಗೊಳ್ಳಿ, ಅತಿ ಮೆತ್ತಗಿನ ತೂತಿನಿಂದ ಶುರು ಮಾಡಿ. ಹಿಂದಿನ ಚಕ್ರ ಓಡಿಸುವ ಕಾರಿನಲ್ಲಿ ಹಿಂದಿನ ಬಾರ್ ಅತಿಯಾದರೆ ಒಳಗಿನ ಚಕ್ರ ಹಗುರಾಗಿ ಸುಮ್ನೆ ಸುತ್ತುತ್ತದೆ, ತಿರುವಿನಿಂದ ಹೊರಗೆ ಬರುವಾಗ ಎಳೆತವೇ ಇರುವುದಿಲ್ಲ. ಅಂಥ ಕಾರಿಗೆ ಮುಂದಿನ ಬಾರ್ ಸ್ವಲ್ಪ ಮೆತ್ತಗೆ ಮಾಡಲು ಬರುತ್ತದಾ ಅಂತ ಮೊದಲು ನೋಡುವುದು ಒಳ್ಳೆಯದು.

ಬಾಲ ಜಾರುತ್ತೆ

ರಸ್ತೆ ಮೇಲೆ ಒಂದು ಸಲ ಆಗಿದ್ದರೂ ಸಾಕು, ಕಾರಣ ಸಿಗುವ ತನಕ ನಿಧಾನ ಓಡಿಸಿ, ಮಳೆಯಲ್ಲಿ ತೆಗೆಯಲೇಬೇಡಿ.

ಹಿಂದಿನ ಟೈರಿನ ಆಳ, ವಯಸ್ಸು, ಗಾಳಿ. ಹಿಂದಿನ ಟೋ. ಹಿಂದಿನ ಆರ್ಮ್‌ಗಳ ಬುಷ್. ಇದೇ ಕ್ರಮದಲ್ಲಿ ನೋಡಿ. ಇತ್ತೀಚೆಗೆ ನೀವೇ ಏನಾದರೂ ಹಾಕಿಸಿದ್ದರೆ ಅದನ್ನು ಮೊದಲು ಬಿಚ್ಚಿಸಿ. ಹಾಕಿದ್ದಕ್ಕೆ ಪರಿಹಾರ ಅಂತ ಇನ್ನೊಂದನ್ನು ಹಾಕುವುದು ಸಾಲ ತೀರಿಸೋಕೆ ಸಾಲ ಮಾಡಿದ ಹಾಗೆ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಜಾರಿದರೆ ಅದು ನಿಮ್ಮ ಬಲಗಾಲು. ಕಾಲು ಗಕ್ಕನೆ ಎತ್ತಿದಾಗ ಜಾರಿದರೆ ಭಾರ ಮುಂದೆ ನುಗ್ಗಿ ಹಿಂದಿನ ಟೈರ್ ಹಗುರಾಗುತ್ತಿದೆ. ಹಿಂದಿನ ಆಕ್ಸಲ್‌ಗಿಂತ ಹಿಂದೆ ಎಂಜಿನ್ ಇಟ್ಟುಕೊಂಡಿರುವ ಪೋರ್ಷೆ 911ರ ಹಳೇ ಮಾದರಿಗಳು ಇದಕ್ಕೇ ಹೆಸರುವಾಸಿ. ಮುಂದಿನ ಚಕ್ರ ಓಡಿಸುವ ಕಾರಿನಲ್ಲೂ ಇದು ಆಗುತ್ತದೆ. 1998ರಲ್ಲಿ ಬಂದ ಮೊದಲ ಆಡಿ ಟಿಟಿ ಕಾರುಗಳು ಯುರೋಪಿನ ಹೈವೇಗಳಲ್ಲಿ ಜಾಸ್ತಿ ವೇಗದಲ್ಲಿ ಹಿಡಿತ ತಪ್ಪಿ ಅಪಘಾತಗಳಾದ ಮೇಲೆ, ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಸಸ್ಪೆನ್ಷನ್ ಬದಲಿಸಿ, ಹಿಂದೆ ಸ್ಪಾಯ್ಲರ್ ಕೂರಿಸಿ, ಸ್ಟೆಬಿಲಿಟಿ ಕಂಟ್ರೋಲ್ ಕೊಟ್ಟಿತು. ಕಂಪನಿಯ ಎಂಜಿನಿಯರುಗಳೇ ಒಂದು ಹೆಜ್ಜೆ ಹಿಂದೆ ಬಂದಿದ್ದಾರೆ. ಶೆಡ್ಡಿನಲ್ಲಿ ಕೂತ ನಾವು ಒಂದು ತೂತು ಮೆತ್ತಗಿನ ಕಡೆಗೆ ಹೋದರೆ ಮಾನ ಹೋಗುವುದಿಲ್ಲ.

ಎಡಕ್ಕೆ ಚೆನ್ನಾಗಿ ತಿರುಗುತ್ತೆ, ಬಲಕ್ಕೆ ಬೇರೆ ಥರ

ಒಬ್ಬರೇ ಕೂತಾಗ ಸ್ವಲ್ಪ ವ್ಯತ್ಯಾಸ ಸಹಜ. ಜಾಸ್ತಿ ಇದ್ದರೆ ನಾಲ್ಕೂ ಕಡೆ ಚಕ್ರದ ನಡುವಿನಿಂದ ಫೆಂಡರ್ ಅಂಚಿನ ತನಕ ಟೇಪ್ ಹಿಡಿದು ಅಳೆಯಿರಿ, ಸಮತಟ್ಟು ನೆಲದಲ್ಲಿ. ಒಂದು ಮೂಲೆ ತಗ್ಗಿದ್ದರೆ ಸ್ಪ್ರಿಂಗಿನ ಕೆಳಗಿನ ಸುತ್ತು ಮುರಿದಿರಬಹುದು. ತಟ್ಟೆಯೊಳಗೆ ಕೂತಿರುವುದರಿಂದ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ, ಟಾರ್ಚ್ ಹಿಡಿದು ನೋಡಿ. ಕಾಯಿಲ್‌ಓವರ್ (ಎತ್ತರ ಹೊಂದಿಸಲು ಬರುವ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿಸಿದ್ದರೆ ಎತ್ತರದ ರಿಂಗ್‌ಗಳನ್ನು ಅಂದಾಜಿನಲ್ಲಿ ತಿರುಗಿಸಿರುತ್ತಾರೆ, ಮೂಲೆಯಿಂದ ಮೂಲೆಗೆ ಭಾರ ಏರುಪೇರಾಗಿರುತ್ತದೆ. ನಾಲ್ಕು ಚಕ್ರದಡಿ ನಾಲ್ಕು ತಕ್ಕಡಿ ಇಟ್ಟು ಸರಿ ಮಾಡುವ ಕೆಲಸ ಅದು. ರೇಸ್ ಕಾರು ಮಾಡುವವರ ಹತ್ತಿರ ಹೋಗಬೇಕು.

ಕಾರು ಕುಗ್ಗಿಸಿದ ಮೇಲೆ ಕೆಟ್ಟಿತು

ಇದು ನಮ್ಮ ಕಡೆ ಅತಿ ಸಾಮಾನ್ಯ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಲೋಯರಿಂಗ್ ಸ್ಪ್ರಿಂಗ್ ಹಾಕಿ 40 ಮಿ.ಮೀ. ಇಳಿಸಿದ ಕಾರು ನಿಂತಾಗ ಚೆಂದ. ಓಡುವಾಗ ಶಾಕ್‌ನ ರಾಡ್ ಸ್ವಲ್ಪ ದೂರ ಹೋದರೆ ಸಾಕು, ಕೊನೆಯಲ್ಲಿ ಅದನ್ನು ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ತಗಲುತ್ತದೆ. ತಗಲಿದ ಕ್ಷಣ ಆ ಮೂಲೆ ಕಲ್ಲಿನ ಹಾಗೆ ಗಟ್ಟಿ. ಮುಂದೆ ತಗಲಿದರೆ ನಡು ತಿರುವಿನಲ್ಲಿ ಇದ್ದಕ್ಕಿದ್ದಂತೆ ಮೂತಿ ಓಡುತ್ತದೆ, ಹಿಂದೆ ತಗಲಿದರೆ ಇದ್ದಕ್ಕಿದ್ದಂತೆ ಬಾಲ ಹೋಗುತ್ತದೆ. ನಯವಾದ ರಸ್ತೆಯಲ್ಲಿ ಚೆನ್ನಾಗಿದ್ದು, ತಿರುವಿನಲ್ಲಿ ಒಂದು ಸಣ್ಣ ಗುಂಡಿ ಸಿಕ್ಕಾಗ ಮಾತ್ರ ಹುಚ್ಚು ಹಿಡಿದ ಹಾಗೆ ಆಡುವ ಕಾರುಗಳ ಕತೆ ಬಹುಪಾಲು ಇದೇ.

ಕಂಡುಹಿಡಿಯಲು ಎರಡು ರೂಪಾಯಿಯ ಪ್ಲಾಸ್ಟಿಕ್ ಟೈ ಸಾಕು. ಶಾಕ್‌ನ ಹೊಳೆಯುವ ರಾಡ್‌ಗೆ ಸುತ್ತಿ, ಬಿಗಿ ಮಾಡಿ, ಕೆಳಗೆ ತಳ್ಳಿ ಬಿಡಿ. ಒಂದು ದಿನ ಓಡಿಸಿ ಬಂದು ನೋಡಿ. ರಾಡ್ ಎಷ್ಟು ಒಳಗೆ ಹೋಗಿತ್ತೋ ಅಲ್ಲಿಯ ತನಕ ಟೈ ಮೇಲೆ ಸರಿದಿರುತ್ತದೆ. ಬಂಪ್ ಸ್ಟಾಪ್‌ಗೆ ಅಂಟಿಕೊಂಡಿದ್ದರೆ ಉತ್ತರ ಸಿಕ್ಕಿತು. ನನ್ನ ಕಾರನ್ನೂ ಆಗ ಇಳಿಸಿದ್ದೆ, ಅದರಲ್ಲಿ ಮನೆಯಿಂದ ಹೊರಟು ಮೂರನೇ ಹಂಪ್‌ಗೇ ಮೇಲೆ ಹೋಗಿ ಕೂತಿತ್ತು.

ಹಂಪ್ ಅಂದ ಕೂಡಲೇ ನೆನಪಾಯಿತು. ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥದ್ದನ್ನು 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮ ಊರುಗಳ ಹಂಪ್ ಎತ್ತರದ ಮಾತನ್ನು ಕೇಳುತ್ತದೆ, ಅಗಲದ ಮಾತನ್ನು ಕೇಳುವುದಿಲ್ಲ. ಎತ್ತಿನಗಾಡಿ ಚಕ್ರದ ಅಗಲಕ್ಕೆ ಸಿಮೆಂಟ್ ದಿಂಡು ಹಾಕಿ, ಬಣ್ಣ ಬಳಿಯದೆ ಬಿಟ್ಟಿರುತ್ತಾರೆ. ಅದರ ಮೇಲೆ ಹೋಗಲೇಬೇಕಾದ ಕಾರನ್ನು 25 ಮಿ.ಮೀ.ಗಿಂತ ಜಾಸ್ತಿ ಇಳಿಸಬೇಡಿ. 15 ಆದರೂ ಸಾಕು.

ಇಳಿಸಿದಷ್ಟೂ ತಿರುವಿನಲ್ಲಿ ಚೆನ್ನ ಅಂತ ನಂಬಿಕೆ ಇದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬವಾಗಿ ಚಕ್ರ ಹಿಡಿಯುವ ಜೋಡಣೆ) ಇರುವ ಕಾರಿನಲ್ಲಿ, ಅಂದರೆ ಬಹುಪಾಲು ಕಾರುಗಳಲ್ಲಿ, ಅದು ಉಲ್ಟಾ. ಕಾರು ಇಳಿದಾಗ ಲೋಯರ್ ಆರ್ಮ್‌ನ ಹೊರ ತುದಿ ಒಳ ತುದಿಗಿಂತ ಮೇಲೆ ಹೋಗುತ್ತದೆ. ರೋಲ್ ಸೆಂಟರ್, ಅಂದರೆ ಕಾರು ವಾಲುವಾಗ ಸುತ್ತುವ ಕೇಂದ್ರ, ಕಾರಿನ ಗುರುತ್ವ ಕೇಂದ್ರಕ್ಕಿಂತ ಜಾಸ್ತಿ ಕೆಳಗೆ ಕುಸಿಯುತ್ತದೆ. ಆಗ ಕಾರನ್ನು ವಾಲಿಸುವ ಬಲ ಇನ್ನೂ ಹೆಚ್ಚುತ್ತದೆ. ಜೊತೆಗೆ ವಾಲಿದಾಗ ಸಿಗಬೇಕಾದ ನೆಗೆಟಿವ್ ಕ್ಯಾಂಬರ್ ಸಿಗುವುದಿಲ್ಲ, ಗುಂಡಿ ಸಿಕ್ಕಾಗ ಸ್ಟೀರಿಂಗ್ ತಾನೇ ತಿರುಗಿದ ಹಾಗೆ ಆಗುತ್ತದೆ. ಕಾರನ್ನು ಪಕ್ಕದಿಂದ ಅಲ್ಲ, ಕೆಳಗಿನಿಂದ ನೋಡಿ. ಆರ್ಮ್ ನೆಲಕ್ಕೆ ಸಮವಾಗಿ ಇಲ್ಲವೇ ಹೊರಕ್ಕೆ ಸ್ವಲ್ಪ ಇಳಿದಿದ್ದರೆ ಸರಿ. ಮೇಲಕ್ಕೆ ಎದ್ದಿದ್ದರೆ ಅತಿಯಾಯಿತು.

ಸ್ಪ್ರಿಂಗ್ ಕತ್ತರಿಸಿ ಇಳಿಸುವವರು ಈಗಲೂ ಇದ್ದಾರೆ. ಕತ್ತರಿಸಿದ ತುದಿ ತಟ್ಟೆಯಲ್ಲಿ ಕೂರುವುದಿಲ್ಲ, ಚಕ್ರ ಗಾಳಿಯಲ್ಲಿ ಜೋತಾಗ ಸ್ಪ್ರಿಂಗ್ ಜಾಗ ಬಿಟ್ಟು ಹೊರಬರಬಹುದು. ಗ್ಯಾಸ್ ಕಟರ್ ಬಿಸಿಗೆ ಉಕ್ಕಿನ ಹದವೂ ಹೋಗುತ್ತದೆ. ಯಾರಾದರೂ ಕಟರ್ ಕೈಗೆತ್ತಿಕೊಂಡರೆ ಕೀ ಇಸಿದುಕೊಂಡು ಹೊರಡಿ.

ಸ್ಪ್ರಿಂಗ್ ಗಟ್ಟಿ, ಶಾಕ್ ಹಳೇದು ಆದರೆ ಕಾರು ಹಂಪ್ ದಾಟಿದ ಮೇಲೂ ಎರಡು ಮೂರು ಸಲ ಕುಣಿಯುತ್ತದೆ. ಶಾಕ್ ಮೇಲೆ ಎಣ್ಣೆ ಹನಿ, ಅದರ ಮೇಲೆ ಧೂಳು ಮೆತ್ತಿ ಕರಿ ಮಣ್ಣಾಗಿದ್ದರೆ ಅದರ ಕತೆ ಮುಗಿಯಿತು. ಜೋಡಿಯಾಗಿ ಬದಲಿಸಿ.

ಕಟಕಟ, ಕಿರ್‌ಕಿರ್

ಸಣ್ಣ ಗುಂಡಿಗೆ ಕಟಕಟ ಅಂದರೆ ಲಿಂಕ್ ರಾಡ್, ಆ್ಯಂಟಿ-ರೋಲ್ ಬಾರ್‌ನ ತುದಿ ಹಿಡಿಯುವ ಸಣ್ಣ ಕಡ್ಡಿ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಟಂಗ್ ಅಂದರೆ ಸ್ಟ್ರಟ್ ಮೇಲಿನ ಮೌಂಟ್. ಪಾಲಿಯುರೆಥೇನ್ ಬುಷ್ ಕಿರ್‌ಕಿರ್ ಅಂದರೆ ಗ್ರೀಸ್ ಒಣಗಿದೆ, ನಮ್ಮ ಧೂಳಿಗೆ ಅದು ಬೇಗ ಒಣಗುತ್ತದೆ. ಅದಕ್ಕೇ ರಸ್ತೆ ಕಾರಿಗೆ ನನ್ನ ಓಟು ಹೊಸ ರಬ್ಬರ್ ಬುಷ್‌ಗೇ.

ಹೊಸ ರಬ್ಬರ್ ಬುಷ್ ಕೆಲವೇ ತಿಂಗಳಲ್ಲಿ ಹರಿದರೆ ಪಾರ್ಟ್ ಸರಿಯಿಲ್ಲ ಅಂತ ಬೈಯುವ ಮುಂಚೆ ಹಾಕಿದವರನ್ನು ಕೇಳಿ. ನಾನು ಕೇಳಿದ್ದೆ.

"ಅಣ್ಣಾ, ಬೋಲ್ಟ್ ಎಲ್ಲಾ ಫುಲ್ ಟೈಟ್ ಮಾಡಿದೀನಿ, ಡೌಟೇ ಬೇಡ."

"ಕಾರು ಲಿಫ್ಟ್ ಮೇಲಿದ್ದಾಗಲೇ ಮಾಡಿದ್ರಾ?"

"ಮತ್ತೆ? ಕೆಳಗಿಳಿಸಿದ್ಮೇಲೆ ಸ್ಪ್ಯಾನರ್ ಎಲ್ಲಿ ಹೋಗುತ್ತೆ?"

ಸಮಸ್ಯೆ ಅದೇ. ಚಕ್ರ ಜೋತಾಡುವಾಗ ಬಿಗಿ ಮಾಡಿದರೆ ಕಾರು ಇಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ನಿಂತಾಗಲೂ ತಿರುಚಿಕೊಂಡೇ ಇರುತ್ತದೆ. ಕಾರಿನ ಭಾರ ಚಕ್ರದ ಮೇಲಿರುವಾಗಲೇ ಕೊನೆಯ ಬಿಗಿತ ಕೊಡಬೇಕು. ಗುಂಡಿ ತೋಡಿದ ಪಿಟ್ ಇರುವ ಗ್ಯಾರೇಜ್ ಹುಡುಕಿದರೆ ಈ ಕೆಲಸ ಸಲೀಸು.

ಇಲ್ಲಿಗೆ ನಿಲ್ಲಿಸಿ

ಬಾಲ್ ಜಾಯಿಂಟ್ ಆಡುತ್ತಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ, ಸ್ಟೀರಿಂಗ್ ಎಲ್ಲಾದರೂ ಸಿಕ್ಕಿಕೊಂಡರೆ, ಟೈರ್ ಒಳ ಅಂಚಿನಲ್ಲಿ ತಂತಿ ಕಂಡರೆ ಕಾರು ಓಡಿಸಬೇಡಿ. ಟೋಯಿಂಗ್ ಗಾಡಿ ಕರೆಸಿ.

ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಅಡಿಗೆ ಕೈ ಕೂಡ ಹಾಕಬೇಡಿ. ಗಟ್ಟಿ ನೆಲ, ಚಕ್ರಕ್ಕೆ ಕಲ್ಲು, ಎರಡು ಸ್ಟ್ಯಾಂಡ್ ಬೇಕೇ ಬೇಕು. ಕಪ್ಪು ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಕಾಲು ನಿಧಾನವಾಗಿ ಹೂತು ವಾಲುತ್ತದೆ, ಅಡಿಗೆ ದಪ್ಪ ಹಲಗೆ ಇಟ್ಟರೂ ನಾನು ನಂಬುವುದಿಲ್ಲ. ಸ್ಟ್ರಟ್‌ನಿಂದ ಸ್ಪ್ರಿಂಗ್ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಒತ್ತಿಟ್ಟ ಸ್ಪ್ರಿಂಗ್ ತಪ್ಪಿಸಿಕೊಂಡರೆ ಮುಖ ಉಳಿಯುವುದಿಲ್ಲ. ಗ್ಯಾಸ್ ತುಂಬಿದ ಶಾಕ್‌ಗೆ ಬೆಂಕಿ ತೋರಿಸಬೇಡಿ, ತೂತು ಹೊಡೆಯಬೇಡಿ. ಅಲೈನ್‌ಮೆಂಟ್ ಆದ ಮೇಲೆ ಸ್ಟೆಬಿಲಿಟಿ ದೀಪ ಉರಿದೇ ಇದ್ದರೆ ಸ್ಟೀರಿಂಗ್ ಸೆನ್ಸರ್‌ಗೆ ಹೊಸ ನಡು ಸ್ಥಾನ ಹೇಳಿಕೊಡಬೇಕು, ಅದು ಸ್ಕ್ಯಾನರ್ ಇರುವವರ ಕೆಲಸ.

ಕಾಗದಪತ್ರದ ವಿಷಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹಾಗಾಗಿ ಏನೇ ಹಾಕಿಸುವ ಮುಂಚೆ ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿ.

ಎಲ್ಲಾ ನೋಡಿದ್ದಾಯಿತು, ಈಗ ಏನು ಕೊಳ್ಳಲಿ

ಮೊದಲು ನಾಲ್ಕು ಒಳ್ಳೆ ಟೈರ್. ಆಮೇಲೆ ಬುಷ್, ಅದರ ಮೇಲೆ ಅಲೈನ್‌ಮೆಂಟ್. ಆಮೇಲೆ ಒಳ್ಳೆ ಶಾಕ್, ಕಂಪನಿ ಸ್ಪ್ರಿಂಗ್ ಮೇಲೇ. ಬಾರ್ ಅದಾದ ಮೇಲೆ. ಕಾಯಿಲ್‌ಓವರ್ ಕೊನೆಗೆ, ಅದೂ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕ್‌ಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಹೋಗುವವರಿದ್ದರೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಅದೇ ಸುಣ್ಣದ ವೃತ್ತ, ಅದೇ ಗಾಳಿ, ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್. ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ನನ್ನ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಹೀಗಿದೆ: ನಾಲ್ಕೂ ಹೊಸ ಟೈರ್, ಮುಂದಿನ ಕ್ಯಾಂಬರ್ ಮೈನಸ್ ಒಂದೂಕಾಲು, ಹಿಂದೆ ಸ್ವಲ್ಪ ಟೋ-ಇನ್, ಮುಂದಿನ ಲೋಯರ್ ಆರ್ಮ್ ಬುಷ್ ಹೊಸದು, ಕಂಪನಿ ಸ್ಪ್ರಿಂಗ್ ವಾಪಸ್, ಹಿಂದೆ ಕಂಪನಿಯ ಸಣ್ಣ ಬಾರ್. ಕಣದಲ್ಲಿ 33ಕ್ಕೆ ಮೂತಿ ಮೆಲ್ಲಗೆ ಹೊರಟಿತು, ಕಾಲು ಎತ್ತಿದೆ, ವಾಪಸ್ ಬಂತು.